ಹೇಳುವವರು ಯಾರು, ಕೇಳುವವರು ಯಾರು?



ಜಿ.ಎಸ್. ಶಿವರುದ್ರಪ್ಪ, ಡಿ.ಆರ್. ನಾಗರಾಜ್, ಸಿದ್ಧಲಿಂಗಯ್ಯ ಪಾಠ ಹೇಳಿದ ಬೆಂಗಳೂರು ವಿಶ್ವವಿದ್ಯಾಲಯ ಇದು. ಜ್ಞಾನಭಾರತಿಯ ಈ ಆವರಣದಲ್ಲಿ ಕಾವ್ಯದ ಅರ್ಥ, ದನಿಗಳ ಕುರಿತ ವಿಚಾರ ಸಂಕಿರಣದಲ್ಲಿ ಆಶಯದ ಮಾತಾಡಲು ಕರೆದಿದ್ದೀರಿ.

ನನ್ನದೊಂದು ಹಳೆಯ ತಕರಾರಿದೆ. ಪದ್ಯ ಕೈಗೆ ಬಂದೊಡನೆ ನಮ್ಮ ವಿಮರ್ಶೆ ‘ಕವಿಯ ನಿಲುವೇನು’ ಎಂದು ಕೇಳುತ್ತದೆ. ಉತ್ತರವನ್ನು ಕೆಲವರು ಕವಿಯ ಬದುಕಿನಲ್ಲಿ ಹುಡುಕಿದರು, ಕೆಲವರು ಸಿದ್ಧಾಂತದಲ್ಲಿ. ಯಾರು, ಯಾರಿಗೆ, ಯಾವ ದನಿಯಲ್ಲಿ ಹೇಳಿದರು ಎಂಬುದನ್ನು ಮಾತ್ರ ಶಾಲೆಯ ‘ಸಂದರ್ಭ ಸಹಿತ ವಿವರಿಸಿ’ ಪ್ರಶ್ನೆಗೆ ಬಿಟ್ಟುಕೊಟ್ಟೆವು. ಸಂಸ್ಕೃತದ ಲಾಕ್ಷಣಿಕ ಮಮ್ಮಟ ‘ಕಾವ್ಯಪ್ರಕಾಶ’ದಲ್ಲಿ ವ್ಯಂಗ್ಯಾರ್ಥ, ಅಂದರೆ ಮಾತಿನ ಹಿಂದೆ ಸೂಚಿತವಾಗುವ ಅರ್ಥ, ಹೊಳೆಯುವ ಕಾರಣಗಳನ್ನು ಎಣಿಸುವಾಗ ವಕ್ತೃ, ಬೋದ್ಧವ್ಯ, ಕಾಕು ಎಂದೇ ಶುರುಮಾಡುತ್ತಾನೆ: ಹೇಳುವವರು, ಕೇಳುವವರು, ಕೊರಳಿನ ಏರಿಳಿತ. ಇಲ್ಲಿ ಕುಳಿತಿರುವ ಕಾವ್ಯಮೀಮಾಂಸೆಯ ಗೆಳೆಯರು ಇದನ್ನು ನನಗಿಂತ ಚೆನ್ನಾಗಿ ವಿವರಿಸಬಲ್ಲರು, ಅವರಿಗೇ ಬಿಡುತ್ತೇನೆ.

ನನ್ನ ತಕರಾರಿಗೆ ಒಂದು ಉದಾಹರಣೆ ಕೊಡುತ್ತೇನೆ. ಕೆ.ಎಸ್. ನರಸಿಂಹಸ್ವಾಮಿಯವರ ‘ಮೈಸೂರು ಮಲ್ಲಿಗೆ’ (1942) ದಾಂಪತ್ಯದ ಕಾವ್ಯವೆಂದು ನಾವು ಹೇಳಿ ಮುಗಿಸುತ್ತೇವೆ. ಆದರೆ ಅದರಲ್ಲಿರುವ ಬಳೆಗಾರ ಚೆನ್ನಯ್ಯನ ಪದ್ಯದಲ್ಲಿ ಮಾತಾಡುವವನು ಗಂಡನೂ ಅಲ್ಲ, ಹೆಂಡತಿಯೂ ಅಲ್ಲ. ಆಕೆಯ ತವರಿನಿಂದ ಸುದ್ದಿ ಹೊತ್ತು ಗಂಡನ ಬಾಗಿಲಿಗೆ ಬಂದ ಬಳೆಗಾರ. ಒಮ್ಮೆ ತರಗತಿಯಲ್ಲಿ ವಿದ್ಯಾರ್ಥಿನಿಯೊಬ್ಬಳು, “ಸರ್, ಆಕೆಯೇ ಇಷ್ಟೆಲ್ಲ ಹೇಳಿಕಳಿಸಿದಳೋ, ಅವನೇ ನೋಡಿ ತಿಳಿದುಕೊಂಡನೋ?” ಎಂದಳು. ಎಂಥ ಪ್ರಶ್ನೆ! ಆ ಪದ್ಯದ ಸೊಗಸೆಲ್ಲ ಆ ಅನುಮಾನದಲ್ಲೇ ಇದೆ. ಬಳೆಗಾರನನ್ನು ಬದಿಗಿಟ್ಟರೆ ಉಳಿಯುವುದು ವಿರಹದ ಸಾರಾಂಶ ಮಾತ್ರ.

ಇನ್ನೊಂದು ಪ್ರಶ್ನೆ ನನ್ನನ್ನು ಬಿಟ್ಟಿಲ್ಲ. ಇದೇ ಊರಿನ ಶ್ರೀರಾಮಪುರದಲ್ಲಿ ಬೆಳೆದ ಸಿದ್ಧಲಿಂಗಯ್ಯನವರ ‘ಹೊಲೆಮಾದಿಗರ ಹಾಡು’ ಸಂಕಲನ 1975ರಲ್ಲಿ ಬಂತು. ಅವರ ಹಾಡುಗಳನ್ನು ದಲಿತ ಸಂಘರ್ಷ ಸಮಿತಿಯ ಮೆರವಣಿಗೆಗಳಲ್ಲಿ ಜನ ಒಟ್ಟಾಗಿ ಹಾಡಿದರು. ಅಲ್ಲಿ ಕವಿಯ ಕೊರಳು ಯಾವುದು, ಕೇರಿಯ ಕೊರಳು ಯಾವುದು ಎಂದು ಬಿಡಿಸಲಾಗದು, ಬಿಡಿಸಬೇಕಾಗಿಯೂ ಇಲ್ಲ. ಆದರೆ ಕೇರಿಯ ನೋವನ್ನು ಉಣ್ಣದ ನನ್ನಂಥ ಮೇಷ್ಟ್ರು ತರಗತಿಯಲ್ಲಿ ಅಂಥದೊಂದು ಹಾಡನ್ನು ಓದಿದಾಗ ಹೇಳುವವನು ಯಾರು? ನಾನು ಓದಬಾರದೆಂದರೆ ಹಾಡನ್ನು ಮತ್ತೆ ಊರಾಚೆ ಇಟ್ಟಂತೆ. ಏನೂ ಆಗದವನಂತೆ ಓದಿದರೆ ಸಿಟ್ಟು ಪಠ್ಯವಾಗುತ್ತದೆ. ಬಹುಶಃ ಆ ಹಾಡಿನಲ್ಲಿ ನನಗಿರುವ ಜಾಗ ಕೇಳಿಸಿಕೊಳ್ಳುವವನದು, ಅದರ ಆರೋಪಕ್ಕೆ ಉತ್ತರ ಕೊಡಬೇಕಾದವನದು. ಹಾಗಾದರೆ ಅದನ್ನು ಓದುವ ದನಿ ಎಂಥದಿರಬೇಕು? ಇದು ನನಗಿನ್ನೂ ಬಗೆಹರಿದಿಲ್ಲ. ದಲಿತ ಸಾಹಿತ್ಯದ ಗೋಷ್ಠಿಯ ಅಧ್ಯಕ್ಷರು ಇದನ್ನು ಚರ್ಚೆಗೆ ಎತ್ತಿಕೊಳ್ಳಬೇಕೆಂದು ಕೋರುತ್ತೇನೆ.

ಪ್ರಬಂಧ ಮಂಡಿಸುವವರಲ್ಲೂ ಒಂದು ವಿನಂತಿ. ಮೊದಲು ಪದ್ಯವನ್ನು ಗಟ್ಟಿಯಾಗಿ ಓದಿ. ಅಲ್ಲಿ ಹೇಳುವವರು ಯಾರು, ಕೇಳುವವರು ಯಾರು, ಓದುತ್ತಿರುವ ನೀವು ಅವರಲ್ಲಿ ಯಾರ ಪಕ್ಕ ನಿಂತಿದ್ದೀರಿ ಎಂದು ಹೇಳಿ. ಸಿದ್ಧಾಂತ ಆಮೇಲೆ ಬರಲಿ.