ಕಿವಿಗೆ ಬಂದ ಮಾತು ಪ್ರಸಾದವಾಗಲಿ



ಮಾತನಾಡಲು ಕಲಿಸುವವರು ಬಹಳ ಮಂದಿ. ಕೇಳಲು ಕಲಿಸುವವರು ವಿರಳ. ಕಿವಿಯಿದ್ದ ಮಾತ್ರಕ್ಕೆ ಕೇಳಲು ಬರುತ್ತದೆಂದು ತಿಳಿದಿದ್ದೇವೆ. ಮಳೆ ಬಂಡೆಯ ಮೇಲೂ ಬೀಳುತ್ತದೆ, ಉತ್ತ ಹೊಲದ ಮೇಲೂ ಬೀಳುತ್ತದೆ. ಬಂಡೆಯ ನೀರು ಹರಿದುಹೋಗುತ್ತದೆ, ಹೊಲದ ನೀರು ಬೆಳೆಯಾಗುತ್ತದೆ. ನಮ್ಮ ಕಿವಿ ಬಂಡೆಯೋ ಹೊಲವೋ?

ಕನ್ನಡದ ‘ಕೇಳು’ ಎಂಬ ಶಬ್ದಕ್ಕೆ ಎರಡು ಅರ್ಥ. ಪ್ರಶ್ನಿಸುವುದೂ ಕೇಳುವುದೇ, ಆಲಿಸುವುದೂ ಕೇಳುವುದೇ. “ಹೇಗಿದ್ದೀಯಪ್ಪಾ?” ಎಂದು ಕೇಳಿದವನು ಅದರ ಉತ್ತರವನ್ನೂ ಕೇಳಬೇಕಲ್ಲವೆ? ನಾವು ಮೊದಲನೆಯದನ್ನು ಮಾಡಿ ಎರಡನೆಯದಕ್ಕೆ ನಿಲ್ಲುವುದಿಲ್ಲ.

ಬೃಹದಾರಣ್ಯಕೋಪನಿಷತ್ತಿನಲ್ಲಿ ಯಾಜ್ಞವಲ್ಕ್ಯರು ಮೈತ್ರೇಯಿಗೆ ಆತ್ಮವಿದ್ಯೆಯನ್ನು ಬೋಧಿಸುವಾಗ ಮೊದಲು ಶ್ರವಣ, ಅನಂತರ ಮನನ, ಆಮೇಲೆ ನಿದಿಧ್ಯಾಸನ ಎಂಬ ಕ್ರಮವಿಟ್ಟರು. ನಾವಾದರೋ ಎದುರಿನವನ ಮಾತು ಮುಗಿಯುವ ಮೊದಲೇ ಉತ್ತರ ಸಿದ್ಧಪಡಿಸುತ್ತೇವೆ. ಕ್ರಮವೇ ತಲೆಕೆಳಗಾಯಿತು.

ಷಟ್‌ಸ್ಥಲ ಸಿದ್ಧಾಂತವು ಒಂದೊಂದು ಇಂದ್ರಿಯದಲ್ಲಿಯೂ ಒಂದೊಂದು ಲಿಂಗದ ನೆಲೆಯನ್ನು ಹೇಳುತ್ತದೆ. ನಾಸಿಕದಲ್ಲಿ ಆಚಾರಲಿಂಗ, ಜಿಹ್ವೆಯಲ್ಲಿ ಗುರುಲಿಂಗ, ಶ್ರೋತ್ರದಲ್ಲಿ ಪ್ರಸಾದಲಿಂಗ. ಶಬ್ದವೇ ಪ್ರಸಾದಲಿಂಗಕ್ಕೆ ಅರ್ಪಿತವಾಗುವ ಪದಾರ್ಥ. ತಟ್ಟೆಯಲ್ಲಿದ್ದುದನ್ನು ಲಿಂಗಕ್ಕೆ ಅರ್ಪಿಸದೆ ಉಣ್ಣಬಾರದೆಂದು ಬಲ್ಲೆವು. ಕಿವಿಗೆ ಬಂದುದನ್ನು ಮಾತ್ರ ಅರ್ಪಿಸದೆಯೇ ನುಂಗುತ್ತೇವೆ. ಆದ್ದರಿಂದಲೇ ಅದು ಸಿಟ್ಟಾಗಿ ಹೊರಗೆ ಬರುತ್ತದೆ. ದೀಕ್ಷೆಯಲ್ಲಿ ಗುರು ಮಂತ್ರವನ್ನು ಉಸುರಿದ್ದು ಈ ಕಿವಿಯಲ್ಲಿಯೇ. ಅದನ್ನು ಚಾಡಿಗೆ ತೆರೆದು, ಮನೆಯವರ ನೋವಿಗೆ ಮುಚ್ಚಬಹುದೆ?

ಇದು ಕೇವಲ ಶಾಸ್ತ್ರದ ಮಾತಲ್ಲ. 1984ರಲ್ಲಿ ಅಮೆರಿಕದ ಇಬ್ಬರು ಸಂಶೋಧಕರು ರೋಗಿಗಳು ವೈದ್ಯರನ್ನು ಕಂಡ 74 ಸಂದರ್ಭಗಳನ್ನು ಪರಿಶೀಲಿಸಿ ಪ್ರಕಟಿಸಿದರು. ರೋಗಿ ಬಾಯಿಬಿಟ್ಟ ಸರಾಸರಿ 18 ಸೆಕೆಂಡಿಗೆ ವೈದ್ಯರು ನಡುವೆ ಬಾಯಿ ಹಾಕಿದ್ದರು. ಮೊದಲ ಮಾತನ್ನು ಪೂರ್ಣ ಹೇಳಿ ಮುಗಿಸಿದವರು ನೂರಕ್ಕೆ 23 ಮಂದಿ ಮಾತ್ರ. ನೋವನ್ನು ಕೇಳುವುದೇ ವೃತ್ತಿಯಾದವರ ಗತಿ ಹೀಗಾದರೆ ನಮ್ಮ ಪಡಸಾಲೆಯ ಗತಿಯೇನು?

ಸಾಲದಲ್ಲಿ ಬೆಂದ ಮಗ ಉಣ್ಣುವಾಗ, “ಸಾಕಾಗೇತಿ ಅವ್ವಾ” ಎನ್ನುತ್ತಾನೆ. “ಇನ್ನೊಂದು ರೊಟ್ಟಿ ಉಣ್ಣು” ಎನ್ನುತ್ತೇವೆ. ಅವನು ಹೇಳಿದ್ದು ರೊಟ್ಟಿಯ ಮಾತಲ್ಲ. ಅಂಥ ಒಂದು ಮಾತು ಕೇಳದೆ ಹೋದರೆ ಒಂದು ಮನೆಯೇ ಮುಳುಗೀತು. ನೊಂದವರ ಮಾತು ಕೇಳಲೆಂದೇ ಸರಕಾರ 2022ರಲ್ಲಿ ಟೆಲಿ ಮಾನಸ್ ಎಂಬ ದೂರವಾಣಿ ಸೇವೆಯನ್ನು ಆರಂಭಿಸಿತು. ಅದರ ಸಂಖ್ಯೆ 14416. ಬೇಕಾದಾಗ ಅವಶ್ಯವಾಗಿ ಉಪಯೋಗಿಸಿರಿ. ಆದರೆ ಮೊದಲ ಕಿವಿ ಮನೆಯದಾಗಿರಲಿ.

ಹಾಗಾದರೆ ಮಾಡಬೇಕಾದುದೇನು? ದಿನಕ್ಕೊಮ್ಮೆ, ಮನೆಯ ಒಬ್ಬರ ಮಾತನ್ನು ಕೊನೆಯವರೆಗೆ ಕೇಳಿರಿ. ಆಗ ಮೊಬೈಲು ಕೈಯಲ್ಲಿರಬಾರದು. ನಡುವೆ ಬುದ್ಧಿ ಹೇಳಬಾರದು. ಮಾತು ನಿಂತ ಮೇಲೆ ಒಂದು ಉಸಿರು ತಡೆಯಿರಿ. ಎಷ್ಟೋ ಸಲ ನಿಜವಾದ ಮಾತು ಆ ಮೌನದ ಆಚೆಗೆ ಇರುತ್ತದೆ. ಅನಂತರ, “ನೀ ಹೇಳಿದ್ದು ಹೀಗೇನು?” ಎಂದು ವಿಚಾರಿಸಿರಿ. ಹೌದೆಂದ ಮೇಲೆ ನಿಮ್ಮ ಮಾತನ್ನು ಹೇಳಿರಿ. ಕೇಳುವುದೆಂದರೆ ಒಪ್ಪುವುದೆಂದಲ್ಲ, ಒಪ್ಪದಿರುವುದಕ್ಕೂ ಮೊದಲು ಕೇಳಿರಬೇಕು.

ಇದನ್ನು ಸೊಸೆಯ ಮಾತಿಗೂ, ಆಳಿನ ಮಾತಿಗೂ, ಮುಪ್ಪಿನಲ್ಲಿ ಹೇಳಿದ್ದನ್ನೇ ಹೇಳುವ ತಂದೆಯ ಮಾತಿಗೂ ಅನ್ವಯಿಸಿರಿ. ಪಂಕ್ತಿಯಲ್ಲಿ ಒಬ್ಬರಿಗೆ ಬಡಿಸಿ ಒಬ್ಬರನ್ನು ಬಿಡುವುದು ಹೇಗೆ ಸಲ್ಲದೋ, ಕಿವಿಗೊಡುವಲ್ಲಿಯೂ ಆ ಭೇದ ಸಲ್ಲದು.

ಇಂದು ನಮ್ಮ ಮಾತನ್ನು ಇಷ್ಟು ಹೊತ್ತು ಕೇಳಿದಿರಿ. ಮನೆಗೆ ಹೋಗಿ ನಿಮ್ಮವರ ಮಾತನ್ನು ಅಷ್ಟೇ ಹೊತ್ತು ಕೇಳಿದರೆ ಈ ಪ್ರವಚನ ಸಾರ್ಥಕ. ಸರ್ವರಿಗೂ ಮಂಗಲವಾಗಲಿ.