ಕ್ಯಾತೆಯಲ್ಲ, ತಕರಾರು

ಇವತ್ತು ಒಂದು ಪದದ ಬಗ್ಗೆ ಮಾತಾಡ್ತೀನಿ. ಬೈಸಿಕೊಂಡು ಕಲಿತ ಪಾಠ ಇದು.

ಸಿದ್ದಾಪುರದಿಂದ ಒಂದು ಫೋನ್ ಬಂತು. ಕೊಪ್ಪಳ ಜಿಲ್ಲೆಯ ಸಿದ್ದಾಪುರ, ಗಂಗಾವತಿ ದಾಟಿದ ಮೇಲೆ ಸಿಗುವ ಭತ್ತದ ಸೀಮೆ. ಫೋನ್ ಮಾಡಿದವರು ವಯಸ್ಸಾದ ರೈತರು. ಅವರ ಹೊಲ ಇರೋದು ವಿತರಣಾ ಕಾಲುವೆಯ ಕಟ್ಟಕಡೆಗೆ. ಹಿಂದಿನ ದಿನ ನಮ್ಮ ಚಾನೆಲ್‌ನ ಕೆಳಗಿನ ಪಟ್ಟಿಯಲ್ಲಿ ಒಂದು ಸಾಲು ಓಡಿತ್ತು: 'ಕಾಲುವೆ ನೀರು: ರೈತರಿಂದ ಮತ್ತೆ ಕ್ಯಾತೆ.' ಅವರು ಕೇಳಿದ್ದು ಇಷ್ಟೇ: "ಸರ, ನಾವು ಮಾಡಿದ್ದು ತಕರಾರರೀ. ನೀವ್ಯಾಕ ಕ್ಯಾತಿ ಅಂತ ಬರದ್ರಿ?"

ನಾನು ಎಂಜಿನಿಯರಿಂಗ್ ಓದಿದವನು, ಭಾಷಾ ಪಂಡಿತನಲ್ಲ. ಎರಡೂ ಒಂದೇ ಅಲ್ವಾ ಅಂದುಕೊಂಡೆ. ಅಲ್ಲ. ಫೋನಿಟ್ಟ ಮೇಲೆ ನಿಘಂಟುಗಳನ್ನ ಹಿಡಿದು ಕೂತೆ.

ಮೊದಲು ಇಂಗ್ಲಿಷ್ ನೋಡಿದೆ, ಅಭ್ಯಾಸ ಬಲ ನೋಡಿ. ಸಣ್ಣಪುಟ್ಟದಕ್ಕೆ ಕೊಕ್ಕೆ ಹಾಕೋದಕ್ಕೆ ಅಲ್ಲಿ 'ಕ್ವಿಬಲ್' ಅಂತಾರೆ. ಹದಿನೇಳನೇ ಶತಮಾನದ ಶುರುವಿನಲ್ಲಿ ಬಂದ ಪದ. ಲ್ಯಾಟಿನ್‌ನ 'ಕ್ವಿಬಸ್' ಅದರ ಮೂಲ ಇರಬೇಕು ಅಂತ ನಿಘಂಟುಕಾರರ ಊಹೆ. 'ಯಾರಿಗೆ', 'ಯಾವುದರಿಂದ' ಅನ್ನೋ ಅರ್ಥದ ಈ ಪದ ಹಳೇ ಕೋರ್ಟ್ ಕಾಗದಗಳಲ್ಲಿ ಹೆಜ್ಜೆಹೆಜ್ಜೆಗೂ ಸಿಗ್ತಿತ್ತಂತೆ. ಮೊದಲಿಗೆ ಕ್ವಿಬಲ್ ಅಂದ್ರೆ ಶ್ಲೇಷೆ, ಪದಗಳ ಆಟ. 1765ರಲ್ಲಿ ಸ್ಯಾಮ್ಯುಯೆಲ್ ಜಾನ್ಸನ್ ಷೇಕ್ಸ್‌ಪಿಯರ್ ನಾಟಕಗಳಿಗೆ ಮುನ್ನುಡಿ ಬರೆದಾಗ, ಈ ಕ್ವಿಬಲ್ ಹುಚ್ಚಿಗೇ ಆ ಮಹಾಕವಿಯನ್ನ ತರಾಟೆಗೆ ತಗೊಂಡ. ಈಗ ಆ ಪದಕ್ಕೆ ಕೊಂಕು ತೆಗೆಯೋದು ಅನ್ನೋದೇ ಮುಖ್ಯ ಅರ್ಥ. ವಕೀಲರ ಕಾಗದದಿಂದ ಹೊರಟ ಪದ ವಕೀಲರನ್ನೇ ಅಣಕಿಸೋ ಪದವಾಯ್ತು.

ನಮ್ಮ ತಕರಾರು ನಡೆದಿದ್ದು ಬೇರೆ ದಾರಿ. ಮೂಲ ಅರಬ್ಬಿ, 'ತಕ್ರಾರ್'. ಅಲ್ಲಿ ಅದರ ಅರ್ಥ ಜಗಳವಲ್ಲ, ಆಕ್ಷೇಪಣೆಯೂ ಅಲ್ಲ. ಮತ್ತೆ ಹೇಳೋದು, ಪುನರಾವರ್ತನೆ, ಅಷ್ಟೇ! ಮುಷಾಯಿರಾದಲ್ಲಿ ಒಳ್ಳೇ ಸಾಲು ಬಂದಾಗ ಜನ 'ಮುಕರ್ರರ್' ಅಂತ ಕೂಗ್ತಾರಲ್ಲ, ಇನ್ನೊಮ್ಮೆ ಹೇಳಿ ಅಂತ, ಅದೂ ಇದೇ ಬೇರಿನದು. ಫಾರಸಿ, ಉರ್ದುವಿಗೆ ಬರುವಷ್ಟರಲ್ಲಿ 'ಹೇಳಿದ್ದನ್ನೇ ಹೇಳೋದು' ಹೋಗಿ 'ವಾದ' ಆಯ್ತು. ಮರಾಠಿಯಲ್ಲಿ ದೂರು ಆಯ್ತು, ಕನ್ನಡದಲ್ಲಿ ಆಕ್ಷೇಪಣೆ. ಕೊಪ್ಪಳದ ಸೀಮೆ 1948ರ ಸೆಪ್ಟೆಂಬರ್‌ವರೆಗೆ ಹೈದರಾಬಾದ್ ನಿಜಾಮರ ರಾಜ್ಯದಲ್ಲಿತ್ತು, ಕಚೇರಿ ಭಾಷೆ ಉರ್ದು. ಆ ರೈತರ ಅಜ್ಜನಿಗೆ ತಕರಾರು ಅಂದ್ರೆ ಬೀದಿ ಜಗಳ ಅಲ್ಲ, ದಫ್ತರದಲ್ಲಿ ದಾಖಲಾಗುವ ಮಾತು.

ಇವತ್ತೂ ಅಷ್ಟೇ. 1964ರ ನಮ್ಮ ಭೂಕಂದಾಯ ಕಾಯ್ದೆ ಪ್ರಕಾರ ಜಮೀನಿನ ಹಕ್ಕು ಬದಲಾವಣೆಗೆ ಮುಂಚೆ ನೋಟಿಸ್ ಕೊಡಬೇಕು. ಯಾರಾದ್ರೂ ಆಕ್ಷೇಪಿಸಿದ್ರೆ ಅದನ್ನ ಬರೆಯೋಕೆ ಪ್ರತ್ಯೇಕ ರಿಜಿಸ್ಟರ್ ಇರಬೇಕು. ತಕರಾರು ಅರ್ಜಿ ಅಂದ್ರೆ ಸರ್ಕಾರ ಕೇಳಿಸಿಕೊಳ್ಳಲೇಬೇಕಾದ ಅರ್ಜಿ. 'ತಗಾದೆ'ಯೂ ಹಾಗೇ. ಅದರ ಮೂಲ ಅರ್ಥ ಬರಬೇಕಾದ ಬಾಕಿಯನ್ನ ಕೇಳೋದು. ನಮ್ಮ ಬಾಯಲ್ಲಿ ಅದೂ ಕಾಲು ಕೆರೆದು ಜಗಳಕ್ಕೆ ನಿಲ್ಲೋದಾಗಿಬಿಟ್ಟಿದೆ. ಸಾಲ ಕೊಟ್ಟವನೇ ಜಗಳಗಂಟ!

ಇನ್ನು ಕ್ಯಾತೆ. ಟಿವಿಯವರಿಗೆ ಬಲು ಪ್ರೀತಿಯ ಪದ. 'ಮಹಾರಾಷ್ಟ್ರದ ಗಡಿ ಕ್ಯಾತೆ', 'ತಮಿಳುನಾಡು ಕ್ಯಾತೆ'. ಆ ಪದ ಹಾಕಿದ ಕೂಡಲೇ ಎದುರಿನವನ ಮಾತು ಸುಳ್ಳು ಅಂತ ನಾವೇ ತೀರ್ಪು ಕೊಟ್ಟ ಹಾಗೆ. ಅದನ್ನ ಎತ್ತಿ ನಮ್ಮದೇ ರೈತರ ಹಣೆಗೆ ಅಂಟಿಸಿದ್ವಿ.

ಹಾಗಂತ ಆ ರೈತರು ಹೇಳಿದ್ದೆಲ್ಲ ಸರಿ ಅಂತ ನಾನು ಹೇಳ್ತಿಲ್ಲ. ತುಂಗಭದ್ರಾ ಎಡದಂಡೆ ಕಾಲುವೆ ಉದ್ದ 227 ಕಿಲೋಮೀಟರ್. ಯೋಜನೆ ಮಾಡಿದಾಗ ಹೆಚ್ಚಿನ ಪ್ರದೇಶಕ್ಕೆ ಕಡಿಮೆ ನೀರಿನ ಬೆಳೆ ಅಂತ ಲೆಕ್ಕ ಹಾಕಿದ್ರು. ಮೇಲಿನವರು ಭತ್ತ ಹಾಕಿದ್ರು, ನಮಗೆ ನೀರು ಬರ್ತಿಲ್ಲ ಅನ್ನೋದು ಮಾನ್ವಿ, ರಾಯಚೂರು ಕಡೆಯವರ ತಕರಾರು. ಆ ಮೇಲಿನವರಲ್ಲಿ ಸಿದ್ದಾಪುರವೂ ಸೇರುತ್ತೆ. ಇದನ್ನ ಅವರಿಗೇ ಹೇಳಿದೆ. "ಖರೆ ಐತ್ರಿ," ಅಂದ್ರು. "ಅವರದ್ದೂ ತಕರಾರ, ನಮ್ಮದೂ ತಕರಾರ. ಇಬ್ಬರದ್ದೂ ಕೇಳ್ರಿ."

2024ರ ಆಗಸ್ಟ್ 10ರ ರಾತ್ರಿ ಡ್ಯಾಮಿನ 33 ಗೇಟುಗಳಲ್ಲಿ 19ನೇದು ಕೊಚ್ಚಿ ಹೋಯ್ತಲ್ಲ, ಆಗ ಇಡೀ ರಾಜ್ಯ ತುಂಗಭದ್ರಾ ಕಡೆ ತಿರುಗಿ ನೋಡ್ತು. ನಾವೂ ಕ್ಯಾಮೆರಾ ಕಳಿಸಿದ್ವಿ. ಕಾಲುವೆ ಕೊನೆಯ ಹೊಲಕ್ಕೆ ಗೇಟು ಮುರೀಬೇಕಂತಿಲ್ಲ, ಮೇಲೆ ನಾಲ್ಕು ಕಡೆ ಪಂಪ್ ಇಟ್ಟರೆ ಸಾಕು, ಒಣಗುತ್ತೆ. ಅದು ಬ್ರೇಕಿಂಗ್ ನ್ಯೂಸ್ ಆಗಲ್ಲ. ಹಂಗಾಗಿ ಅವರು ಪ್ರತಿ ವರ್ಷ ಅದನ್ನೇ ಹೇಳ್ತಾರೆ. ನಮ್ಮ ಕಾಲೇಜು ಲ್ಯಾಬಿನಲ್ಲಿ ಒಂದೇ ಅಳತೆಯನ್ನ ಮೂರು ಸಲ ತೆಗೆದು ಮೂರೂ ಒಂದೇ ಬಂದ್ರೆ ಮೇಷ್ಟ್ರು ಸರಿ ಅಂತ ಗುರುತು ಹಾಕ್ತಿದ್ರು.

ಆವತ್ತು ರಾತ್ರಿ ಡೆಸ್ಕ್‌ಗೆ ಹೋಗಿ, ಆ ಸಾಲಿನಲ್ಲಿ ಕ್ಯಾತೆ ತೆಗೆದು ತಕರಾರು ಅಂತ ಹಾಕಪ್ಪಾ ಅಂದೆ. ಹುಡುಗ ಸ್ಕ್ರೀನ್ ನೋಡಿ, "ಎರಡಕ್ಷರ ಜಾಸ್ತಿ ಆಗುತ್ತೆ ಸರ್, ಹಿಡಿಸಲ್ಲ," ಅಂದ.

"'ಮತ್ತೆ' ಅನ್ನೋದನ್ನ ತೆಗೆದುಬಿಡು," ಅಂದೆ.