ಒಂಬತ್ತು ಗೆಲುವು, ಒಂದು ಲೆಕ್ಕ



ಹಳೆಯ ಗುಡಿಗಳಿಗೂ ಶಾಸನಗಳಿಗೂ ಹೆಸರಾದ ಊರು ಈ ಗಬ್ಬೂರು. ಶಾಸನಗಳಲ್ಲಿ ದಾನ ಕೊಟ್ಟವರ ಹೆಸರಷ್ಟೇ ಇರುವುದಿಲ್ಲ. ಕೊಟ್ಟದ್ದೇನು, ಯಾರಿಗೆ, ಯಾವುದಕ್ಕಾಗಿ ಎಂಬ ವಿವರವೂ ಇರುತ್ತದೆ. ‘ಶಾಸನ’ ಮತ್ತು ‘ಶಾಸಕ’ ಎಂಬ ಎರಡು ಪದಗಳ ಬೇರು ಒಂದೇ. ಆದ್ದರಿಂದ ಶಾಸಕರೊಬ್ಬರ ದೀರ್ಘ ಬದುಕನ್ನು ಅಳೆಯುವಾಗಲೂ ಹೆಸರಿನ ಜತೆಗೆ ಲೆಕ್ಕ ಕೇಳುವುದು ನ್ಯಾಯ.

ಕರ್ನಾಟಕ ವಿಧಾನಸಭೆಯಲ್ಲಿ ದೀರ್ಘಕಾಲ ಕುಳಿತವರ ಮಾತು ಬಂದಾಗ ಮೊದಲು ನೆನಪಾಗುವ ಹೆಸರುಗಳಲ್ಲಿ ಮಲ್ಲಿಕಾರ್ಜುನ ಖರ್ಗೆ ಅವರದೂ ಒಂದು. 1972, 1978, 1983, 1985, 1989, 1994, 1999 ಮತ್ತು 2004ರಲ್ಲಿ ಗುರುಮಠಕಲ್‌ನಿಂದ, 2008ರಲ್ಲಿ ಚಿತ್ತಾಪುರದಿಂದ, ಹೀಗೆ ಸತತ ಒಂಬತ್ತು ಬಾರಿ ಅವರು ಗೆದ್ದರು. ‘ಸೋಲಿಲ್ಲದ ಸರದಾರ’ ಎಂಬ ಬಿರುದು ಬಂದದ್ದು ಹಾಗೆ. ನೆರೆಯ ಮಹಾರಾಷ್ಟ್ರದ ಸಾಂಗೋಲಾದಲ್ಲಿ ಗಣಪತರಾವ್ ದೇಶಮುಖ್ ಹನ್ನೊಂದು ಬಾರಿ ಗೆದ್ದರು. ಆದರೆ ಅವರು ನಡುವೆ ಸೋತದ್ದೂ ಉಂಟು. ಖರ್ಗೆಯವರ ವಿಧಾನಸಭಾ ಸರಣಿ ಎಲ್ಲಿಯೂ ತುಂಡಾಗಲಿಲ್ಲ. ದೇವರಾಜ ಅರಸರಿಂದ ಯಡಿಯೂರಪ್ಪನವರವರೆಗೆ ಹದಿಮೂರು ಮುಖ್ಯಮಂತ್ರಿಗಳನ್ನು ಅವರು ಆ ಸದನದ ಸದಸ್ಯರಾಗಿಯೇ ಕಂಡರು.

ಇದರ ಆರಂಭವಾದರೂ ಸುಲಭದ್ದಲ್ಲ. 1942ರ ಜುಲೈ 21ರಂದು ಬೀದರ್ ಜಿಲ್ಲೆ ಭಾಲ್ಕಿ ತಾಲ್ಲೂಕಿನ ವರವಟ್ಟಿಯಲ್ಲಿ ಅವರು ಹುಟ್ಟಿದರು. ರಾಯಚೂರಿನಂತೆ ಅದೂ ಆಗ ನಿಜಾಮರ ಆಳ್ವಿಕೆಯ ನಾಡು. ರಜಾಕಾರರ ಹಾವಳಿಯಲ್ಲಿ ಎಳೆಯ ವಯಸ್ಸಿನಲ್ಲೇ ತಾಯಿಯನ್ನು ಕಳೆದುಕೊಂಡ ಹುಡುಗ, ತಂದೆಯ ಜತೆ ಅಂದಿನ ಗುಲ್ಬರ್ಗಾ ಸೇರಿದ. ಅಲ್ಲಿಯೇ ಶಾಲೆ, ಕಾಲೇಜು, ಕಾನೂನು ವ್ಯಾಸಂಗ. ಎಂ.ಎಸ್.ಕೆ. ಮಿಲ್ ಕಾರ್ಮಿಕ ಸಂಘದ ಕಾನೂನು ಸಲಹೆಗಾರರಾಗಿ ದುಡಿದ ಅವರು 1969ರಲ್ಲಿ ಕಾಂಗ್ರೆಸ್ ಸೇರಿದರು. ಮೂರೇ ವರ್ಷಗಳಲ್ಲಿ ವಿಧಾನಸಭೆ ಪ್ರವೇಶಿಸಿದಾಗ ಅವರಿಗೆ ಮೂವತ್ತು ತುಂಬಿರಲಿಲ್ಲ.

ಆ ಕಾಲದ ದೊಡ್ಡ ಪ್ರಶ್ನೆ ಭೂಮಿಯದು. ಅರಸು ಸರ್ಕಾರದ ಭೂಸುಧಾರಣೆ ಕಾಯ್ದೆ 1974ರಲ್ಲಿ ಜಾರಿಗೆ ಬಂದಿತು. ಉಳುವವನೇ ಹೊಲದೊಡೆಯ ಎಂಬುದು ಕಾಗದದಿಂದ ಹೊಲಕ್ಕೆ ಇಳಿಯಬೇಕಾದರೆ ಭೂ ನ್ಯಾಯಮಂಡಳಿಗಳು ಗೇಣಿದಾರರ ಅರ್ಜಿ ವಿಚಾರಿಸಿ ತೀರ್ಪು ಕೊಡಬೇಕಿತ್ತು. 1980ರಲ್ಲಿ ಗುಂಡೂರಾವ್ ಸಂಪುಟದಲ್ಲಿ ಕಂದಾಯ ಖಾತೆ ಹೊತ್ತ ಖರ್ಗೆಯವರ ಮುಂದೆ ಈ ಕೆಲಸವಿತ್ತು. ಅದಕ್ಕೂ ಮುಂಚೆ, 1976ರಲ್ಲಿ ಪ್ರಾಥಮಿಕ ಶಿಕ್ಷಣದ ರಾಜ್ಯ ಸಚಿವರಾಗಿದ್ದಾಗ, ಪರಿಶಿಷ್ಟ ಜಾತಿ ಹಾಗೂ ಪಂಗಡಗಳಿಗೆ ಮೀಸಲಾಗಿದ್ದೂ ಖಾಲಿ ಉಳಿದಿದ್ದ ಶಿಕ್ಷಕ ಹುದ್ದೆಗಳನ್ನು ದೊಡ್ಡ ಸಂಖ್ಯೆಯಲ್ಲಿ ತುಂಬಲಾಯಿತು. ಹಳ್ಳಿಯ ಮನೆಯೊಂದಕ್ಕೆ ತಿಂಗಳ ಸಂಬಳ ಬರುವುದೆಂದರೆ ಮುಂದಿನ ತಲೆಮಾರು ಶಾಲೆಯ ಮೆಟ್ಟಿಲು ಹತ್ತುವುದು ಎಂದೇ ಅರ್ಥ.

ಶಾಸಕನ ನಿಜವಾದ ಪರೀಕ್ಷೆ ಗಾಳಿ ಎದುರಾದಾಗ. 1983ರಲ್ಲಿ ಕಾಂಗ್ರೆಸ್ ಅಧಿಕಾರ ಕಳೆದುಕೊಂಡಿತು, 1985ರಲ್ಲಿ ಜನತಾ ಪಕ್ಷ ಭಾರಿ ಬಹುಮತ ಪಡೆಯಿತು, 1994ರಲ್ಲಿ ಕಾಂಗ್ರೆಸ್ ಬರೀ 34 ಸ್ಥಾನಕ್ಕೆ ಕುಸಿಯಿತು. ಮೂರೂ ಸಲ ಗುರುಮಠಕಲ್ ಅವರನ್ನು ಕೈಬಿಡಲಿಲ್ಲ. 1994ರ ವಿಧಾನಸಭೆಯ ಅವಧಿಯಲ್ಲೇ ಅವರು ವಿರೋಧ ಪಕ್ಷದ ನಾಯಕರೂ ಆದರು. 1999ರಲ್ಲಿ ಎಸ್.ಎಂ. ಕೃಷ್ಣ ಸಂಪುಟದ ಗೃಹ ಸಚಿವರು. ಮರುವರ್ಷ ಜುಲೈ 30ರಂದು ವೀರಪ್ಪನ್ ವರನಟ ರಾಜ್‌ಕುಮಾರ್ ಅವರನ್ನು ಅಪಹರಿಸಿದ. ಬಿಡುಗಡೆಯಾಗಲು 108 ದಿನ ಬೇಕಾದವು. ರಾಜ್ಯ ಉಸಿರು ಬಿಗಿಹಿಡಿದಿದ್ದ ಆ ದಿನಗಳಲ್ಲಿ ಶಾಂತಿ ಕಾಯುವ ಹೊಣೆ ಅವರ ಖಾತೆಯದಾಗಿತ್ತು. ಮುಖ್ಯಮಂತ್ರಿ ಸ್ಥಾನಕ್ಕೆ ಅವರ ಹೆಸರು ಹಲವು ಬಾರಿ ಕೇಳಿಬಂದರೂ ಪಟ್ಟ ಒಲಿಯಲಿಲ್ಲ.

ಇನ್ನು ಲೆಕ್ಕದ ಇನ್ನೊಂದು ಬದಿ. ಡಾ. ಡಿ.ಎಂ. ನಂಜುಂಡಪ್ಪ ಸಮಿತಿ 2002ರಲ್ಲಿ ತನ್ನ ವರದಿ ಸಲ್ಲಿಸಿತು. ರಾಜ್ಯದ ಅಂದಿನ 175 ತಾಲ್ಲೂಕುಗಳಲ್ಲಿ 114 ಹಿಂದುಳಿದಿವೆ, ಅವುಗಳಲ್ಲಿ 39 ಅತ್ಯಂತ ಹಿಂದುಳಿದಿವೆ ಎಂದು ಅದು ಕಂಡುಕೊಂಡಿತು. ಆ 39ರಲ್ಲಿ 21 ಗುಲ್ಬರ್ಗಾ ವಿಭಾಗದವು. ನಿಮ್ಮ ದೇವದುರ್ಗ ಆ ಪಟ್ಟಿಯಲ್ಲಿತ್ತು, ಮಾನ್ವಿಯೂ ಇತ್ತು. ಗುರುಮಠಕಲ್ ಆಗ ಸೇರಿದ್ದ ಯಾದಗಿರಿ ತಾಲ್ಲೂಕು ಮತ್ತು ಚಿತ್ತಾಪುರವೂ ಇದ್ದವು. ಮೂವತ್ತು ವರ್ಷ ಒಬ್ಬರನ್ನೇ ಗೆಲ್ಲಿಸಿದ ನೆಲಕ್ಕೂ ಹಿಂದುಳಿದ ಹಣೆಪಟ್ಟಿ ತಪ್ಪಲಿಲ್ಲ. ಟೀಕಾಕಾರರು ಎತ್ತುವ ಈ ಪ್ರಶ್ನೆಯನ್ನು ತಳ್ಳಿಹಾಕುವಂತಿಲ್ಲ.

ಹಾಗೆಂದು ಉತ್ತರ ಅಷ್ಟು ಸರಳವೂ ಅಲ್ಲ. ಒಬ್ಬ ಶಾಸಕ ರಸ್ತೆ ತರಬಹುದು, ಶಾಲೆ ತರಬಹುದು. ಆದರೆ ಉದ್ಯೋಗದ ಪಾಲು, ವೈದ್ಯಕೀಯ ಸೀಟು, ಅನುದಾನದ ಹಂಚಿಕೆ ಇವೆಲ್ಲ ಬೆಂಗಳೂರಿನಲ್ಲಿ ತೀರ್ಮಾನವಾಗುವಂಥವು. ನಿಜಾಮರ ಕಾಲದಲ್ಲಿ ಕನ್ನಡ ಶಾಲೆಗಳಿಲ್ಲದೆ ಬಡವಾದ ಈ ಭಾಗ 1956ರಲ್ಲಿ ಏಕೀಕರಣವಾದಾಗ ಓಟದ ಗೆರೆಯ ಹಿಂದೆಯೇ ನಿಂತಿತ್ತು. ನೆರೆಯ ಆಂಧ್ರಕ್ಕೆ 1973ರಲ್ಲೇ ಸಂವಿಧಾನದ 32ನೇ ತಿದ್ದುಪಡಿಯಿಂದ 371(ಡಿ) ವಿಧಿ ದೊರೆತಿತ್ತು. ಅಂಥದೇ ರಕ್ಷಣೆ ನಮಗೂ ಬೇಕೆಂದು ವೈಜನಾಥ ಪಾಟೀಲರಂಥ ಹೋರಾಟಗಾರರು ವರ್ಷಗಟ್ಟಲೆ ಬೀದಿಗಿಳಿದರು. 2009ರಲ್ಲಿ ಲೋಕಸಭೆಗೆ ಹೋಗಿ ಕೇಂದ್ರ ಸಚಿವರಾದ ಖರ್ಗೆಯವರು ಅದಕ್ಕೆ ದೆಹಲಿಯ ಬಲ ಕೂಡಿಸಿದರು. 2012ರ ಡಿಸೆಂಬರ್‌ನಲ್ಲಿ ಸಂಸತ್ತು 98ನೇ ತಿದ್ದುಪಡಿಯನ್ನು ಅಂಗೀಕರಿಸಿತು, 371(ಜೆ) ಬಂದಿತು. ಬೀದಿಯ ಹೋರಾಟ, ಸಂಸತ್ತಿನ ಒಪ್ಪಿಗೆ ಎರಡೂ ಸೇರಿ ಆದ ಕೆಲಸವಿದು. ಶ್ರೇಯ ಒಬ್ಬರದೇ ಅಲ್ಲ.

ಈ ವಿಧಿಯಿಂದ ಪ್ರತ್ಯೇಕ ಅಭಿವೃದ್ಧಿ ಮಂಡಳಿ ಬಂದಿತು. ಈ ಭಾಗದ ಸ್ಥಳೀಯ ಹುದ್ದೆಗಳಲ್ಲಿ ‘ಸಿ’ ವರ್ಗದ ಶೇ 80, ‘ಡಿ’ ವರ್ಗದ ಶೇ 85 ಇಲ್ಲಿಯವರಿಗೇ ಮೀಸಲು. ಗಬ್ಬೂರಿನ ಹುಡುಗಿಯೊಬ್ಬಳು ವೈದ್ಯಕೀಯ ಸೀಟಿಗೆ ಅರ್ಜಿ ಹಾಕುವಾಗ ಸಹಾಯಕ ಆಯುಕ್ತರ ಕಚೇರಿಯಿಂದ ತರುವ ಅರ್ಹತಾ ಪ್ರಮಾಣಪತ್ರದ ಹಿಂದೆ ಇಷ್ಟು ಇತಿಹಾಸವಿದೆ.

2019ರಲ್ಲಿ ಕಲಬುರಗಿ ಲೋಕಸಭಾ ಕ್ಷೇತ್ರದಲ್ಲಿ 95,452 ಮತಗಳಿಂದ ಖರ್ಗೆಯವರು ಸೋತರು. ಗೆದ್ದವರು ಬಿಜೆಪಿಯ ಉಮೇಶ ಜಾಧವ್. ಐದು ದಶಕಗಳ ಸಾರ್ವಜನಿಕ ಬದುಕಿನಲ್ಲಿ ಮತದಾರರು ಕೊಟ್ಟ ಮೊದಲ ಸೋಲು ಅದು. 2020ರಲ್ಲಿ ರಾಜ್ಯಸಭೆಗೆ ಹೋದರು. 2022ರ ಅಕ್ಟೋಬರ್‌ನಲ್ಲಿ, ಎಂಬತ್ತರ ವಯಸ್ಸಿನಲ್ಲಿ, ಕಾಂಗ್ರೆಸ್ಸಿನ ರಾಷ್ಟ್ರೀಯ ಅಧ್ಯಕ್ಷರಾಗಿ ಆಯ್ಕೆಯಾದರು.

ಒಂಬತ್ತು ಗೆಲುವು ಜನರ ವಿಶ್ವಾಸದ ಗುರುತು, ಒಂದು ಸೋಲು ಜನರ ಹಕ್ಕಿನ ಗುರುತು. ಎರಡನ್ನೂ ಕೊಟ್ಟದ್ದು ಮತದಾರರೇ. ಬಿರುದು ಮರೆತುಹೋಗಬಹುದು, ಸಂವಿಧಾನದಲ್ಲಿ ಬರೆದ ವಿಧಿ ಉಳಿಯುತ್ತದೆ. ಅದು ಕಲ್ಲಿನ ಶಾಸನದಂತೆ ಓದುವವರಿಲ್ಲದೆ ನಿಲ್ಲಬಾರದು. ಖಾಲಿ ಹುದ್ದೆ ಎಷ್ಟು, ಮಂಡಳಿಯ ಹಣ ಎಲ್ಲಿಗೆ ಹೋಯಿತು ಎಂದು ವರ್ಷವರ್ಷವೂ ಕೇಳುವ ಕೆಲಸ, ಶಾಸಕರದಷ್ಟೇ ನಿಮ್ಮದೂ ಹೌದು.